ಚಂದ್ರಮತಿಯಕ್ಕನ ಸಾಂಬಾರ್ ಸಮರ

2003ರಲ್ಲಿ ಚೆನ್ನೈನ ವೇಳಚೇರಿಯ ವಿಷ್ಣುಮೂರ್ತಿಗಳ ಹೋಟೆಲಿನಲ್ಲಿ ಸಾಂಬಾರ್ ಸಾಮ್ರಾಜ್ಯವನ್ನು ಆಳುತ್ತಿದ್ದವಳು ಕುಂದಾಪುರ ಕಡೆಯ ಚಂದ್ರಮತಿಯಕ್ಕ. ಹನ್ನೊಂದು ವರ್ಷಗಳಿಂದ ಮಸಾಲೆ ಹುರಿಯುವವಳು, ಬೆಲ್ಲ ಎಷ್ಟು ಬೀಳಬೇಕೆಂದು ತೀರ್ಪು ಕೊಡುವವಳು ಅವಳೇ. ಸಂಬಳದ ದಿನ ಮಾತ್ರ ಈ ಮಹಾರಾಣಿ ‘ತರಕಾರಿ ಹೆಚ್ಚುವವಳು’. ಎರಡು ಸಾವಿರ ರೂಪಾಯಿ.

ಆಗ ಬಂದ ವಿಘ್ನೇಶ್. ಊರು ಇದೇ ಚೆನ್ನೈ, ಮದುವೆ ಅಡುಗೆಯಲ್ಲಿ ಎರಡು ವರ್ಷ ಸೌಟು ಹಿಡಿದ ಅನುಭವ. ಮೂರ್ತಿಗಳು ಅವನನ್ನು ಸಾಂಬಾರ್ ಮಾಸ್ಟರ್ ಮಾಡಿದರು. ನಾಲ್ಕೂವರೆ ಸಾವಿರ. ಚಂದ್ರಮತಿಗೆ ಸಿಕ್ಕಿದ್ದು ಅವನಿಗೆ ಕಲಿಸುವ ಗೌರವ.

ಅವಳು ಗಲ್ಲಾದ ಎದುರು ಹೋಗಿ ನಿಂತಳು. “ಧನಿಗಳೇ, ನಂಗೂ ಅಷ್ಟೇ ಕೊಡಿ.”

“ಎಂತ ಮಾರಾಯ್ತಿ! ಅವ ಈ ಊರಿನವ, ಕಡಿಮೆ ಕೊಟ್ರೆ ನಾಳೆಯೇ ಬಿಟ್ಟು ಹೋಗ್ತಾನೆ. ನೀನು ನಮ್ಮವಳಲ್ವಾ?”

“ನಮ್ಮವಳು ಅಂದ್ರೆ ಅರ್ಧ ಸಂಬಳವಾ?”

“ಅವನದು ವಿದ್ಯೆ. ಹೆಂಗಸರಿಗೆ ಅಡುಗೆ ಹುಟ್ಟಿನಿಂದಲೇ ಬರ್ತದೆ, ಅದಕ್ಕೆಂತ ಸಂಬಳ?”

ಮರುದಿನ ಭಾನುವಾರ ಚಂದ್ರಮತಿ ಸಂಬಳಕ್ಕೆ ತಕ್ಕ ಕೆಲಸವನ್ನೇ ಮಾಡಿದಳು: ಕುಂಬಳಕಾಯಿ ಹೆಚ್ಚಿದಳು. ಹೆಚ್ಚುತ್ತಲೇ ಇದ್ದಳು.

“ಅಕ್ಕಾ, ವೆಲ್ಲಂ ಎವ್ವಳವು?” ಬೆಲ್ಲದ ಉಂಡೆ ಹಿಡಿದು, ಎಷ್ಟು ಹಾಕಬೇಕೆಂದು ವಿಘ್ನೇಶ್ ಅಂಗಲಾಚಿದ.

“ಮಾಸ್ಟರಿಗೆ ಗೊತ್ತಿರ್ತದೆ.”

ಗೊತ್ತಿರಲಿಲ್ಲ. ಒಂಬತ್ತು ಗಂಟೆಗೆ ದಿನಾ ಬರುವ ರೈಲ್ವೆಯ ವಿಶ್ವನಾಥರಾಯರು ಇಡ್ಲಿ ತಟ್ಟೆಯನ್ನು ಗಲ್ಲಾದ ಮೇಲೇ ತಂದಿಟ್ಟರು. “ಮೂರ್ತಿಗಳೇ, ಇದು ಸಾಂಬಾರೋ ಪಾಯಸವೋ? ಹೇಳಿದರೆ ಅದಕ್ಕೆ ತಕ್ಕ ಹಾಗೆ ತಿಂತೇನೆ.” ಹಿಂದೆ ಇನ್ನೂ ನಾಲ್ಕು ತಟ್ಟೆಗಳು ಸಾಲುಗಟ್ಟಿದವು.

ಮೂರ್ತಿಗಳು ಅಡುಗೆಮನೆಗೆ ಓಡಿದರು. “ಐನೂರು ಹೆಚ್ಚಿಗೆ ತಕೋ ಮಾರಾಯ್ತಿ!”

“ಅವನಷ್ಟೇ.”

“ಹೆಂಗಸನ್ನ ಮಾಸ್ಟರ್ ಅಂತ ಕರೆಯೋದು ಹೇಗೆ?”

“ಕರೆಯೋದು ಬೇಡ, ಕೊಟ್ರೆ ಸಾಕು.”

ಕೊಟ್ಟರು. ಹನ್ನೊಂದು ವರ್ಷಗಳ ಕೋಟೆ ಅರ್ಧ ದಿನದ ಕುಂಬಳಕಾಯಿಗೆ ಬಿತ್ತು! ಮುಂದಿನ ತಿಂಗಳು ನಾಲ್ಕೂವರೆ ಸಾವಿರ ಎಣಿಸಿ ಸೆರಗಿಗೆ ಗಂಟು ಹಾಕಿದಳು, ನೋಡಿದರೆ ವಿಘ್ನೇಶನ ಕೈಯಲ್ಲಿ ಐದೂವರೆ.

“ಹೆಂಗಸಿಗೂ ಮಾಸ್ಟರಿಗೂ ಒಂದೇ ಅಂದ್ರೆ ಅವನ ಮರ್ಯಾದೆ ಎಂತ ಆಗ್ಬೇಕು?” ಮೂರ್ತಿಗಳು ನ್ಯಾಯಾಧೀಶರಂತೆ ಹೇಳಿದರು.

ಚಂದ್ರಮತಿ ಹಣೆ ಹಣೆ ಚಚ್ಚಿಕೊಂಡಳು. ವಿಘ್ನೇಶ್ ಪಕ್ಕಕ್ಕೆ ಬಂದು ತಮಿಳಿನಲ್ಲಿ ಪಿಸುಗುಟ್ಟಿದ: “ಅಕ್ಕಾ, ದೀಪಾವಳಿಗೆ ಮುಂಚೆ ಇನ್ನೊಂದು ಸಲ ಜಗಳ ಮಾಡು. ನೀನು ಜಗಳವಾಡಿದರೆ ನನ್ನ ಸಂಬಳ ಏರುತ್ತೆ.”