ಹಾಳುಬಾವಿಯಲ್ಲಿ ಕೂಗಿದವಳು

ಆ ಹಾಡುಗಳಲ್ಲಿ ನೀವು ಕೇಳಿದ ಕಿರುಚಾಟ ನಾಗರಾಜನದಲ್ಲ, ನನ್ನದು. ಹೊನ್ನಾಳಿಯಲ್ಲಿ ಯಾವ ಸಮಾರಂಭವಾದರೂ ಪ್ರಾರ್ಥನೆ ಹಾಡಲು ಕರೆಯುತ್ತೀರಲ್ಲ — ಆ ಸುಮಾಳದು.

ನಾಗರಾಜನದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಹಿಂದಿನ ಗೋದಾಮಿನಲ್ಲಿ ಗಿಟಾರ್ ಹಿಡಿಯುತ್ತಿದ್ದ. ಬ್ಲ್ಯಾಕ್ ಮೆಟಲ್, ಡೂಮ್ — ಕರಾಳವಾದ, ಭಾರವಾದ ಸಂಗೀತ. ಜನರೇಟರಿನ ಸದ್ದನ್ನು ರೆಕಾರ್ಡ್ ಮಾಡಿ, ಎಳೆದೆಳೆದು ನಿಧಾನ ಮಾಡಿ ಹಾಡಿನ ತಳಕ್ಕೆ ಹಾಸುತ್ತಿದ್ದ. ಅದರ ಮೇಲೆ ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಅಪ್ಪ ಸತ್ತಾಗ ನನಗೆ ಅಳು ಬಂದಿರಲಿಲ್ಲ. ಅಲ್ಲಿ ಬಂತು.

ನಮ್ಮಿಬ್ಬರ ಬ್ಯಾಂಡಿಗೆ ‘ಹಾಳುಬಾವಿ’ ಎಂದು ಹೆಸರಿಟ್ಟು, ಮುಖ ತೋರಿಸದೆ ಕೆಲವು ಹಾಡುಗಳನ್ನು ಇಂಟರ್ನೆಟ್ಟಿಗೆ ಹಾಕಿದೆವು. ಜೊತೆಗೆ ಹಾಕಿದ್ದ ಫೋಟೋದಲ್ಲಿ ಗೋದಾಮಿನ ಬಾಗಿಲಿತ್ತು. ಊರವರು ಗುರುತು ಹಿಡಿದರು. ನಾಗರಾಜ ಮಾಟ ಮಾಡುತ್ತಾನೆ ಎಂದರು. ನನ್ನ ಸೋದರಮಾವ ನಾಲ್ಕು ಜನರನ್ನು ಕಟ್ಟಿಕೊಂಡು ಅಂಗಡಿಗೆ ಬಂದಾಗ ನಾನೂ ಅಲ್ಲೇ ಇದ್ದೆ.

“ಇದ್ಯಾರ ದನಿ? ನಿಂಗೇನಾದ್ರೂ ಗೊತ್ತೈತೇನು?” ಮಾವ ಮೊಬೈಲಿನಲ್ಲಿ ಹಾಡು ಹಾಕಿ ನನ್ನನ್ನೇ ಕೇಳಿದರು.

“ನಾನು ಮೈಕ್ ಹೇಳಾಕೆ ಬಂದಿದ್ದೆ ಮಾವ. ಇದು... ಅವರದೇ ಇರಬೇಕು.”

ನಾಗರಾಜ ನನ್ನ ಕಡೆ ನೋಡಲಿಲ್ಲ. “ಹೌದ್ರೀ, ನಂದೇ” ಎಂದ.

ಆಮೇಲೆ ಯಾರೂ ಮದುವೆಗೆ ಅವನ ಮೈಕ್ ಹೇಳಲಿಲ್ಲ. ಅಂಗಡಿ ಮುಚ್ಚಿ ಜಗಳೂರಿಗೆ ಹೋದ. ನಾನು ಪ್ರಾರ್ಥನೆ ಹಾಡುತ್ತಲೇ ಇದ್ದೆ, ಶಾಲು ಹೊದಿಸಿಕೊಳ್ಳುತ್ತಲೇ ಇದ್ದೆ — ಇಷ್ಟು ವರ್ಷ.

ಕಳೆದ ತಿಂಗಳು ಬಸ್ಸು ಹತ್ತಿ ಅವನನ್ನು ಹುಡುಕಿಕೊಂಡು ಹೋದೆ. ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತ ಕೂತಿದ್ದ. ಊರಿಗೆಲ್ಲ ನಿಜ ಹೇಳಿಬಿಡುತ್ತೇನೆ ಎಂದೆ.

“ನನ್ನ ಸಲುವಾಗಿ ಬ್ಯಾಡ. ತಪ್ಪು ಮಾಡಿದ್ವಿ ಅಂತ ಹೇಳಾಕೆ ಹೊಂಟಿದ್ರೆ ಬ್ಯಾಡವೇ ಬ್ಯಾಡ. ಆ ಹಾಡು ತಪ್ಪಲ್ಲ” ಎಂದ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ — ಕೇಳುವ ಯೋಗ್ಯತೆ...

ಮೊನ್ನೆ ಮಾವನಿಗೆ ಹೇಳಿದೆ. ಅವರು ನಂಬಲಿಲ್ಲ. “ಹೆಣ್ಣುಮಗಳು ಹಿಂಗೆ ಕಿರುಚ್ತಾಳೇನು?”

“ಕಿರುಚ್ತಾಳೆ ಮಾವ. ಈಗ ಕೇಳಿಸಲೇನು?”

ಅವರು ಎದ್ದು ಹೋದರು.

ಕೂಗಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಸುಳ್ಳು ಹೇಳಿ ಸುಮ್ಮನಿದ್ದದ್ದಕ್ಕೆ ಇದೆ, ಅದು ಹೋಗುವುದೂ ಬೇಡ. ಇಂದು ಬೆಳಿಗ್ಗೆ ಆ ಹಾಡುಗಳ ಕೆಳಗೆ ನನ್ನ ಹೆಸರು ಬರೆದೆ, ಊರಿನ ಸಮೇತ. ಇನ್ನು ನಿಮ್ಮ ಸಮಾರಂಭಗಳಿಗೆ ನನ್ನನ್ನು ಕರೆಯುವುದೂ ಬಿಡುವುದೂ ನಿಮಗೆ ಸೇರಿದ್ದು.