ಗಂಗಾಂಬಿಕೆ ನಡೆಸಿದ ದೋಣಿ

ಹೊಳೆನರಸೀಪುರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಈಶ್ವರಯ್ಯನವರ ಒಬ್ಬಳೇ ಮಗಳು ಕುಮಾರಿ ಪ್ಲೇಗಿನಲ್ಲಿ ತೀರಿಕೊಂಡಿದ್ದಳು. ಆಮೇಲೆ ಅವರೂ ಹೆಂಡತಿ ಗಂಗಾಂಬಿಕೆಯೂ ಊಟಕ್ಕೆ ಕರೆಯುವಷ್ಟು ಮಾತ್ರ ಮಾತಾಡಿಕೊಂಡು ವರ್ಷಗಳನ್ನು ಕಳೆದರು.

೧೯೩೮ರ ಮಳೆಗಾಲ ಮುಗಿಯುವ ಹೊತ್ತಿಗೆ ಸಕಲೇಶಪುರದ ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಗೆ ವಾಪಸು ಹೊರಟ. ಅವನು ಮಾರಿದ ಮೋಟಾರು ದೋಣಿಯನ್ನು ಈಶ್ವರಯ್ಯ ಗಾಡಿಯ ಮೇಲೆ ಹೇರಿಸಿ ತಂದರು.

"ಹೇಮಾವತೀಲಿ ಕನ್ನಂಬಾಡಿ ಕಟ್ಟೆಗಂಟ ಓಗ್ಬರಾನ, ನೀನೂ ಬಾ," ಎಂದರು.

"ನಾನ್ಯಾಕೆ?"

"ಒಬ್ನೇ ಓಗಿ ಯಾರ ಜೊತೆ ನೋಡ್ಲಿ?"

ಅಷ್ಟಕ್ಕೇ ಆಕೆ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಹೊರಟರು. ಅಣೆಕಟ್ಟೆ ಅಡ್ಡ ಬಂದ ಕಡೆಯೆಲ್ಲ ಊರಿನವರು ದೋಣಿಯನ್ನು ದಡದ ಮೇಲೆ ಎಳೆದು ಆಚೆ ಇಳಿಸಿಕೊಟ್ಟರು. ಮೋಟಾರಿನ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಹಗ್ಗ ಎಳೆದು ಅದನ್ನು ಹೊರಡಿಸುವುದು, ಹಿಡಿ ತಿರುಗಿಸಿ ದೋಣಿಯನ್ನು ಹೊರಳಿಸುವುದು, ಎಲ್ಲವನ್ನೂ ಈಶ್ವರಯ್ಯ ಕೈಸನ್ನೆಯಲ್ಲೇ ಹೇಳಿಕೊಟ್ಟರು. ಆಕೆ ಬೇಗ ಕಲಿತರು.

ಕಟ್ಟೆಯ ಹಿನ್ನೀರು ಸಿಕ್ಕಿದಾಗ ದಡ ಕಣ್ಣಿಗೆ ದೂರವಾಯಿತು. ಮುಳುಗಿದ ಊರಿನ ಒಣಮರಗಳು ಅಲ್ಲಲ್ಲಿ ನೀರಿನಿಂದ ಮೇಲೆ ನಿಂತಿದ್ದವು. ಈಶ್ವರಯ್ಯ ಮೋಟಾರು ನಿಲ್ಲಿಸಿದರು.

"ಕುಮಾರಿ ಇದ್ದಿದ್ರೆ ಎದರ್ಕೊತಿದ್ಲಾ?" ಎಂದು ಕೇಳಿದರು.

ಮಗಳ ಹೆಸರು ಅವರ ಬಾಯಲ್ಲಿ ಬಂದು ಎಷ್ಟೋ ಕಾಲವಾಗಿತ್ತು.

"ಇಲ್ಲ. ನೀರಿಗೆ ಕೈ ಬಿಟ್ಕೊಂಡು ಕೂತಿರೋಳು," ಎಂದರು ಗಂಗಾಂಬಿಕೆ. ಆ ಮಧ್ಯಾಹ್ನವೆಲ್ಲ ಇಬ್ಬರೂ ಅವಳ ಮಾತನ್ನೇ ಆಡಿದರು.

ಮಾರನೆಯ ದಿನ ಈಶ್ವರಯ್ಯನವರಿಗೆ ಚಳಿಜ್ವರ ಏರಿತು. ಗಂಗಾಂಬಿಕೆ ಅವರನ್ನು ಕಂಬಳಿಯಲ್ಲಿ ಮಲಗಿಸಿ, ದಡದಲ್ಲಿ ಹೊಗೆ ಕಂಡ ಕಡೆಗೆ ತಾವೇ ದೋಣಿ ನಡೆಸಿದರು. ಅದು ಮೀನು ಹಿಡಿಯುವ ಕೆಂಚಯ್ಯನ ಗುಡಿಸಲು. ಅವನು ಗಂಜಿ ಕಾಯಿಸಿಕೊಟ್ಟ, ಪಂಡಿತರನ್ನು ಕರೆತಂದ. ಜ್ವರ ಇಳಿಯಲಿಲ್ಲ. ಈಶ್ವರಯ್ಯ ಅಲ್ಲೇ ತೀರಿಕೊಂಡರು.

ದಡದ ಹತ್ತಿರವೇ ಮಣ್ಣು ಮಾಡಲು ಹೊರಟ ಗಂಗಾಂಬಿಕೆಯನ್ನು ಕೆಂಚಯ್ಯ ತಡೆದ. "ಬ್ಯಾಡ ಕಣವ್ವ, ಮಳೆಗಾಲದಾಗೆ ಇಲ್ಲೀಗಂಟ ನೀರು ಬತ್ತದೆ. ದಿಣ್ಣೆ ಮ್ಯಾಕೆ ಮಾಡಾನ."

ಪಕ್ಕದೂರಿನ ಅಯ್ಯನವರು ಬಂದು ವಿಭೂತಿ ಹಚ್ಚಿದರು. ದಿಣ್ಣೆಯ ಮೇಲೆ ಸಮಾಧಿಯಾಯಿತು.

ಸುದ್ದಿ ತಿಳಿದು ಮೈದುನ ಚಂದ್ರಯ್ಯ ಗಾಡಿ ಹೊಡೆದುಕೊಂಡು ಬಂದ. "ಅತ್ಗೆ, ಗಾಡಿ ಅತ್ತಿ. ಆ ದೋಣಿ ಇಲ್ಲೇ ಯಾರಿಗಾರ ಕೊಟ್ಬುಡಾನ."

"ನೀನು ಗಾಡೀಲಿ ಬಾಪ್ಪ. ನಾನು ನೀರ್ ಮ್ಯಾಲೆ ಬತ್ತೀನಿ."

"ಒಬ್ರೇನಾ? ನೋಡಿದೋರು ಏನಂತಾರೆ?"

ಗಂಗಾಂಬಿಕೆ ದೋಣಿಗಿಳಿದು ಹಗ್ಗ ಎಳೆದರು.

ಚಂದ್ರಯ್ಯ ಅವರನ್ನು ಬಿಟ್ಟು ಹೋಗಲಾರದೆ ದಡದ ದಾರಿಯಲ್ಲೇ ಗಾಡಿ ಹೊಡೆದ. ಬಹಳ ಹೊತ್ತು ಇಬ್ಬರೂ ಒಬ್ಬರಿಗೊಬ್ಬರು ಕಾಣುತ್ತಿದ್ದರು. ಒಂದು ಹಳ್ಳ ಅಡ್ಡ ಬಂದು ದಾರಿ ಹೊಳೆಯನ್ನು ಬಿಟ್ಟು ಒಳಕ್ಕೆ ತಿರುಗಿತು. ಚಂದ್ರಯ್ಯ ಎದ್ದು ನಿಂತು ಟವೆಲ್ ಬೀಸಿದ, ಏನೋ ಕೂಗಿದ. ಆಕೆಗೆ ಕೇಳಿಸಲಿಲ್ಲ. ಗಾಡಿ ಜಾಲಿಮರಗಳ ಹಿಂದೆ ಮರೆಯಾಯಿತು. ಸದ್ದು ನಿಂತರೆ ಅಳು ಬರುತ್ತದೆಂದು ಗಂಗಾಂಬಿಕೆ ಸಂಜೆಯವರೆಗೂ ಮೋಟಾರು ನಿಲ್ಲಿಸಲಿಲ್ಲ.