ಓದದೆ ಹಾಕಿದ ಸಹಿ

ನನ್ನ ಬಾಯಿ ಬೊಂಬಾಯಿ ಅನ್ನುವುದು ಮಧುಗಿರಿಯಲ್ಲಿ ಎಲ್ಲರಿಗೂ ಗೊತ್ತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತೇನೆ. ಪಾಠಕ್ಕಿಂತ ಬೈಗುಳ ಜಾಸ್ತಿ ಎಂದು ಹುಡುಗರು ಹಿಂದಿನಿಂದ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಆದರೆ ಆ ದಿನ ಪ್ರಿನ್ಸಿಪಾಲರ ಕೋಣೆಯ ಕಂಪ್ಯೂಟರ್ ಮುಂದೆ ಕೂತಾಗ ಈ ಬಾಯಿಗೆ ಒಂದು ಹೆಸರು ಹೇಳಲು ಬರಲಿಲ್ಲ.

ನಮ್ಮ ವಿಶ್ವವಿದ್ಯಾಲಯಕ್ಕೂ ಯುರೋಪಿನ ಒಂದು ಸಣ್ಣ ದೇಶದ ಸರ್ಕಾರಕ್ಕೂ ಒಪ್ಪಂದವಿದೆ. ವರ್ಷಕ್ಕೆ ಒಬ್ಬ ವಿದ್ಯಾರ್ಥಿಯನ್ನು ಕರೆಸಿಕೊಂಡು, ಪೂರಾ ಖರ್ಚು ಕೊಟ್ಟು ಅವರು ಓದಿಸುತ್ತಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಕಾಲೇಜುಗಳಿಗೆ ಅದರ ಸಂಚಾಲಕಿ ನಾನು. ಬಸ್ಸಿನಲ್ಲಿ ಊರೂರು ಸುತ್ತಿ ಭಾಷಣ ಹೊಡೆದಿದ್ದೇನೆ. "ಇಂಥ ಸಂಬಂಧ ಉಳಿಯೋದು ನಂಬಿಕೆ ಮೇಲೆ ಕಣ್ರಪ್ಪ. ದೊಡ್ಡೋರು ಸಹಿ ಹಾಕಿದ್ರೆ ಸಾಲ್ದು, ನಾವು ಕಳಿಸೋ ಒಂದೊಂದು ಕಾಗದಾನೂ ನಿಜ ಇರ್ಬೇಕು" ಎಂದು ಶಿರಾದಲ್ಲಿ ಹೇಳಿದಾಗ ಚಪ್ಪಾಳೆಯೂ ಬಿದ್ದಿತ್ತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಯಾಕೆಂದರೆ ಅರ್ಜಿಯ ಜೊತೆ ಅಧ್ಯಾಪಕರ ಶಿಫಾರಸು ಪತ್ರ ಇರಬೇಕು, ಅದನ್ನು ನಾನು ಒಂದು ಸಲವೂ ಬರೆದವಳಲ್ಲ. ನಮ್ಮಲ್ಲಿ "ನೀನೇ ಬರ್ಕೊಂಡು ಬಾ, ಸಹಿ ಹಾಕ್ತೀನಿ" ಅನ್ನುವುದೇ ಪದ್ಧತಿ. ಮಕ್ಕಳು ಹಿಂದಿನ ವರ್ಷದವರ ಪತ್ರ ಇಸ್ಕೊಂಡು, ಹೆಸರು ಬದಲಾಯಿಸಿ ತರುತ್ತಾರೆ. ನಾನು ಸಹಿ ಹಾಕುತ್ತೇನೆ, ಅಟೆಂಡರ್ ಮೊಹರು ಒತ್ತಿ ಕವರಿಗೆ ಸೇರಿಸುತ್ತಾನೆ. 'ನನ್ನ ಇಷ್ಟು ವರ್ಷದ ಸೇವೆಯಲ್ಲಿ ಕಂಡ ಅತ್ಯುತ್ತಮ ವಿದ್ಯಾರ್ಥಿ' ಎಂದು ಎಷ್ಟು ಜನಕ್ಕೆ ಸಹಿ ಹಾಕಿದ್ದೇನೋ ಆ ಶಿವನಿಗೇ ಗೊತ್ತು.

ಆ ಸಲ ಬಂದವಳು ಕೊನೆಯ ವರ್ಷದ ಒಬ್ಬ ಹುಡುಗಿ, ಹಾಜರಿಯಲ್ಲಿ ನಲವತ್ತೊಂದನೇ ನಂಬರು. ನಾನು ಹಾಜರಿ ಕೂಗುವುದೇ ನಂಬರಿನಲ್ಲಿ. ಮಧ್ಯಾಹ್ನ ಆಗತಾನೇ ಡಬ್ಬಿ ಬಿಚ್ಚಿದ್ದೆ.

"ಮೇಡಂ, ಪತ್ರ ಹೆಂಗೆ ಬರೀಬೇಕು?"

"ಹೆಂಗೆ ಅಂದ್ರೆ? ನಿಜ ಬರಿ. ಇನ್ನೊಬ್ರುದ್ದು ನೋಡಿ ಕಾಪಿ ಹೊಡೀಬೇಡ, ಅವರೇನು ದಡ್ಡರಲ್ಲ."

"ನಿಜಾನೇ ಬರ್ದ್‌ಬುಡ್ಲಾ?"

"ಹೂಂ ಕಣಮ್ಮ, ಎಷ್ಟು ಸತಿ ಹೇಳ್ಲಿ? ಚಿತ್ರಾನ್ನ ತಣ್ಣಗಾಯ್ತದೆ, ನಡಿ."

ಮಾರನೇ ದಿನ ವರಾಂಡದಲ್ಲಿ ಹಾಳೆಯನ್ನು ನನ್ನ ಕೈಗೆ ಕೊಟ್ಟು ತಲೆ ತಗ್ಗಿಸಿ ನಿಂತಳು. ಬೈಸಿಕೊಳ್ಳಲು ತಯಾರಾಗಿಯೇ ನಿಂತಿದ್ದಳೆಂದು ಈಗ ಅನ್ನಿಸುತ್ತದೆ. ನಾನು ಹಾಳೆಯನ್ನು ಗೋಡೆಗೆ ಒತ್ತಿ ಸಹಿ ಗೀಚಿ, "ಬಾಳ ಚೆನ್ನಾಗಿ ಬರ್ದಿದ್ದೀಯ" ಅಂದೆ. ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು, ನೋಡುತ್ತಲೇ ಇದ್ದಳು. "ಏನೇ, ಹಂಗೆ ನೋಡ್ತೀಯ? ಅಟೆಂಡರ್ ಕೈಗೆ ಕೊಟ್ಟು ಹೋಗು" ಎಂದು ಗದರಿದೆ. ಕೊಟ್ಟು ಹೋದಳು.

ತಿಂಗಳಾದ ಮೇಲೆ ವಿಶ್ವವಿದ್ಯಾಲಯದ ಅಧಿಕಾರಿಯ ಫೋನು. "ಮೇಡಂ, ಆ ದೇಶದ ಪ್ರತಿನಿಧಿ ನಿಮ್ಮ ಜೊತೇನೇ ಮಾತಾಡ್ಬೇಕಂತೆ. ಪತ್ರ ನೋಡಿ ಕೇಳ್ತಿದಾರೆ. ಒಪ್ಪಂದ ಈ ವರ್ಷಕ್ಕೆ ಮುಗೀತದೆ, ಮುಂದುವರಿಸೋದು ಅವರ ಕೈಲಿದೆ. ಸ್ವಲ್ಪ ಚೆನ್ನಾಗಿ ಮಾತಾಡಿ." ನನಗೆ ಒಳಗೊಳಗೇ ಹಿಗ್ಗು. ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದು ವಿಡಿಯೋ ಕಾಲಿಗೆ ಹೋದೆ. "ಏನ್ ಮೇಡಂ, ಬೀಗರೂಟಕ್ಕೆ ಹೊರಟಂಗದೆ?" ಎಂದು ಸಹೋದ್ಯೋಗಿಗಳು ರೇಗಿಸಿದರು.

ಪರದೆಯ ಒಂದು ಚೌಕದಲ್ಲಿ ಬೆಳ್ಳಿಗೂದಲಿನ ಹೆಂಗಸು, ಇನ್ನೊಂದರಲ್ಲಿ ನಮ್ಮ ಅಧಿಕಾರಿ. ಮಾತೆಲ್ಲ ಇಂಗ್ಲಿಷಿನಲ್ಲಿ. ಆಕೆ ಕೇಳಿದರು: "ಈ ಪತ್ರ ನೀವೇ ಬರೆದದ್ದೇ?"

"ಹೌದು, ನಾನೇ."

"ನಿಮ್ಮಲ್ಲಿಂದ ಇಷ್ಟು ವರ್ಷ ಬಂದ ಪತ್ರಗಳೆಲ್ಲ ಒಂದೇ ಥರ ಇದ್ದವು. ಇದು ಬೇರೆ. ಎರಡನೇ ಪ್ಯಾರಾ ಒಮ್ಮೆ ಓದುತ್ತೀರಾ?"

ಪ್ಯಾರಾ ಪರದೆಯ ಮೇಲೆ ಬಂತು. ಕನ್ನಡಕ ಏರಿಸಿಕೊಂಡು ಜೋರಾಗಿ ಶುರು ಮಾಡಿದೆ. ಅದರಲ್ಲಿ ಹೀಗಿತ್ತು:

'ಈ ವಿದ್ಯಾರ್ಥಿನಿ ಮೂರು ವರ್ಷ ನನ್ನ ತರಗತಿಯಲ್ಲಿದ್ದಾಳೆ. ನನಗೆ ಇವಳ ಹೆಸರು ಗೊತ್ತಿಲ್ಲ. ಇವಳ ಊರು ಪಾವಗಡ ತಾಲ್ಲೂಕಿನ ನಿಡುಗಲ್. ಓದಿಗೆಂದು ಕೊಡಿಗೇನಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಬೆಳಿಗ್ಗೆ ಚಿಕ್ಕಮ್ಮನ ಇಡ್ಲಿ ಅಂಗಡಿಯ ಕೆಲಸ ಮುಗಿಸಿ ಬಸ್ಸು ಹತ್ತುವುದರಿಂದ ಮೊದಲ ಪೀರಿಯಡ್ಡಿಗೆ ಹತ್ತು ನಿಮಿಷ ತಡವಾಗುತ್ತದೆ. ಆಗೆಲ್ಲ ನಾನು ಹೊರಗೆ ನಿಲ್ಲಿಸುತ್ತೇನೆ. ಕಾರಣ ಕೇಳಿಲ್ಲ. ಇವಳು ಬಾಗಿಲ ಹೊರಗೆ ನಿಂತೇ ನೋಟ್ಸ್ ಬರೆಯುತ್ತಾಳೆ. ನನ್ನ ದನಿ ಜೋರಾಗಿರುವುದರಿಂದ ಎಲ್ಲ ಕೇಳಿಸುತ್ತದೆ. ಇವಳು ಒಣಗಿಸಿ ಅಂಟಿಸಿದ ಗಿಡಗಳ ಪುಸ್ತಕಕ್ಕೆ ಹತ್ತಕ್ಕೆ ಹತ್ತು ಕೊಟ್ಟಿದ್ದೇನೆ, ತೆರೆದು ನೋಡಿಲ್ಲ. ನೋಡಿದ್ದರೆ ಪಾವಗಡದ ಸೋಲಾರ್ ಪ್ಲೇಟುಗಳ ನೆರಳಲ್ಲಿ ಬೆಳೆಯುವ ಹನ್ನೆರಡು ಬಗೆಯ ಹುಲ್ಲು ಕಾಣುತ್ತಿತ್ತು. ಇವಳು ಓದಬೇಕೆಂದಿರುವುದು ಅದನ್ನೇ.'

ಜೋರಾಗಿ ಶುರುವಾದದ್ದು ಕೊನೆಗೆ ನನಗೇ ಕೇಳಿಸದಷ್ಟು ಸಣ್ಣಗಾಯಿತು. ಮೊದಲು ಬಂದದ್ದು ಸಿಟ್ಟು. ಎಷ್ಟು ಸೊಕ್ಕು ಈ ಹುಡುಗಿಗೆ! ಆಮೇಲೆ, ಅಯ್ಯೋ ಶಿವನೇ, ನನ್ನ ಬಗ್ಗೆ ಇದರಲ್ಲಿ ಸುಳ್ಳು ಯಾವುದು ಎಂದು ಹುಡುಕಿದೆ. ಒಂದೂ ಸಿಗಲಿಲ್ಲ.

"ಆ ಹುಡುಗಿಯ ಹೆಸರೇನು?" ಎಂದು ಆಕೆ ಮೆಲ್ಲಗೆ ಕೇಳಿದರು.

ನಾಲಿಗೆ ತುದಿಗೆ ಬಂದದ್ದು ನಲವತ್ತೊಂದು ಅನ್ನುವ ನಂಬರು ಮಾತ್ರ. ಅಷ್ಟರಲ್ಲಿ ತೊಡೆಯ ಮೇಲಿದ್ದ ಮೊಬೈಲು ಗುಂಯ್ ಅಂದಿತು. ಅಧಿಕಾರಿಯ ಮೆಸೇಜು: 'ಹುಡುಗಿ ಮಾಡಿದ ತರಲೆ ಅಂದ್ಬುಡಿ ಮೇಡಂ. ಒಪ್ಪಂದ ಉಳೀಲಿ.' ಹಾಗಂದರೆ ನಾನು ಪಾರು, ಅವರೂ ಪಾರು. ಹುಡುಗಿಯ ಮೇಲೆ ಮಾತ್ರ ಮೋಸದ ಪತ್ರ ಬರೆದವಳೆಂಬ ಹಣೆಪಟ್ಟಿ ಬೀಳುತ್ತಿತ್ತು, ಸೀಟೂ ಹೋಗುತ್ತಿತ್ತು. ಅವಳು ಮಾಡಿದ್ದಾದರೂ ಏನು? ಊಟದ ಹೊತ್ತಲ್ಲಿ ನಾನು ಹೇಳಿದ್ದನ್ನೇ ಮಾಡಿದ್ದಳು.

"ಹೆಸರು ಗೊತ್ತಿಲ್ಲ" ಅಂದೆ. "ನಾನೇ ಬರೆದೆ ಅಂದದ್ದು ಸುಳ್ಳು. ಬರೆದವಳು ಅವಳೇ, ನಾನು ಓದದೆ ಸಹಿ ಹಾಕಿದೆ. ಆದರೆ ನನ್ನ ಬಗ್ಗೆ ಅದರಲ್ಲಿರುವುದು ಒಂದೊಂದು ಅಕ್ಷರವೂ ನಿಜ."

ಪಕ್ಕದ ಚೌಕದಲ್ಲಿ ಅಧಿಕಾರಿ ಹಣೆಗೆ ಕೈ ಹಚ್ಚಿಕೊಂಡರು.

"ಹಾಗಾದರೆ ಇದು ನಿಮ್ಮ ಪತ್ರವಲ್ಲ, ಇದನ್ನು ತೆಗೆದುಕೊಳ್ಳಲು ನಮ್ಮಲ್ಲಿ ಬರುವುದಿಲ್ಲ" ಅಂದರು ಆಕೆ. "ಇವತ್ತು ಸಂಜೆಯೊಳಗೆ ನಿಮ್ಮ ಕೈಬರಹದಲ್ಲಿ, ನಿಮಗೆ ಗೊತ್ತಿರುವುದನ್ನು ಬರೆದು ಕಳಿಸಿ. ಅದನ್ನು ನೋಡುತ್ತೇನೆ."

ನನಗೆ ಗೊತ್ತಿರುವುದು! ಲ್ಯಾಬಿನ ಬೀರು ತೆಗೆದು ನಲವತ್ತೊಂದನೇ ನಂಬರಿನ ಪುಸ್ತಕ ಹುಡುಕಿ, ಧೂಳು ಕೊಡವಿ ತೆರೆದೆ. ಹನ್ನೆರಡು ಹುಲ್ಲು. ಒಂದೊಂದರ ಕೆಳಗೂ ಊರವರು ಕರೆಯುವ ಹೆಸರು, ಪ್ಲೇಟಿನಿಂದ ಎಷ್ಟು ಗೇಣು ಒಳಗೆ ಸಿಕ್ಕಿತು, ಕುರಿ ಮೂಸಿ ಬಿಟ್ಟಿತೋ ಮೇಯ್ದಿತೋ, ಎಲ್ಲ ಬರೆದಿದ್ದಳು. ನೋಡುತ್ತ ನೋಡುತ್ತ ಅಳು ಬಂತು. ಇಷ್ಟು ವರ್ಷದ ಪಾಠದಲ್ಲಿ ನಾನು ಆ ಪ್ಲೇಟುಗಳ ಕೆಳಗೆ ಒಮ್ಮೆಯೂ ಬಗ್ಗಿ ನೋಡಿದವಳಲ್ಲ.

ಆಮೇಲೆ ಬರೆಯಲು ಕೂತೆ. ಹುಲ್ಲಿನ ವಿಷಯ ಸರಾಗ ಬಂತು. ಹುಡುಗಿಯ ವಿಷಯಕ್ಕೆ ಬಂದರೆ ಅವಳು ಬರೆದದ್ದು ಬಿಟ್ಟು ನನಗೆ ಬೇರೇನೂ ಗೊತ್ತಿರಲಿಲ್ಲ. ಹೊರಗೆ ನಿಲ್ಲಿಸಿದೆ, ಕಾರಣ ಕೇಳಲಿಲ್ಲ ಎಂದು ಅವಳ ಸಾಲುಗಳನ್ನೇ ನನ್ನ ಕೈಯಿಂದ ಬರೆದೆ. ತಪ್ಪು ಮಾಡಿದ ಮಕ್ಕಳಿಗೆ ನಾನು ಇಂಪೊಸಿಷನ್ ಕೊಡುತ್ತಿದ್ದೆನಲ್ಲ, ಹಾಗೇ ಇತ್ತು.

ಒಪ್ಪಂದ ಮುಂದುವರಿಯಿತು. ಸೀಟೂ ಅವಳಿಗೇ ಬಂತು, ಈಗ ಅಲ್ಲೇ ಓದುತ್ತಿದ್ದಾಳೆ. ಆದರೆ ಆ ಸಂಜೆ ಅದೊಂದೂ ಗೊತ್ತಿರಲಿಲ್ಲ. ಪತ್ರದ ನೆತ್ತಿಯಲ್ಲಿ ಅವಳ ಹೆಸರಿಗೆ ಜಾಗ ಖಾಲಿ ಬಿಟ್ಟು ಅಟೆಂಡರನಿಗೆ ಹೇಳಿ ಕರೆಸಿದೆ. ಬಂದವಳು ದಿನಾ ನಿಲ್ಲುತ್ತಿದ್ದಂತೆ ಹೊಸ್ತಿಲಾಚೆಯೇ ನಿಂತಳು.

"ಒಳಗೆ ಬರ್ಲಾ ಮೇಡಂ?"

"ಬಾಮ್ಮ. ಕೂತ್ಕೋ. ನಿನ್ನ ಹೆಸರು ಹೇಳು."

ಹೇಳಿದಳು. ಬರೆದೆ. ಬರೆದು, ರೂಢಿಯ ಕೈ, ಹಾಳೆಯ ಬುಡಕ್ಕೆ ಪೆನ್ನು ಇಳಿಸಿದೆ. ಅವಳು ಹಾಳೆಯ ಅಂಚನ್ನು ಬೆರಳಲ್ಲಿ ಹಿಡಿದುಕೊಂಡಳು.

"ತಪ್ಪು ತಿಳ್ಕಬ್ಯಾಡಿ ಮೇಡಂ. ಒಂದ್ಸತಿ ಓದ್ಬುಟ್ಟು ಹಾಕಿ."